ಕಣ್ಣು ಮುಚ್ಚುವ ಸಾಲು

ಕಿವಿ ಕೇಳಿಸದವರನ್ನು ಪ್ರಾರ್ಥನಾ ಮಂದಿರದಲ್ಲಿ ಎಲ್ಲಿ ಕೂರಿಸುತ್ತಾರೆ ಗೊತ್ತೇ? ಮೊದಲನೇ ಬೆಂಚಿನಲ್ಲಿ. ‘ಅಲ್ಲಿ ಕೂತರೆ ಚೆನ್ನಾಗಿ ಕಾಣುತ್ತೆ, ಪಾಪ’ ಎಂದು. ಏನು ಕಾಣುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಯೆಹೂದಿಗಳ ಆ ಮಂದಿರದಲ್ಲಿ ಪ್ರಾರ್ಥನೆ ನಡೆಸುವ ರಬ್ಬಿ, ಧರ್ಮಗ್ರಂಥದ ಸುರುಳಿ ಇಟ್ಟ ಕಪಾಟಿನ ಕಡೆಗೆ ಮುಖ ಮಾಡಿ, ಜನರಿಗೆ ಬೆನ್ನು ತೋರಿಸಿ ನಿಲ್ಲುತ್ತಾರೆ. ಅದು ಅಲ್ಲಿಯ ಪದ್ಧತಿ. ಹಾಗಾಗಿ ನಮ್ಮ ಟೈಲರಮ್ಮನಿಗೆ ರಬ್ಬಿಯ ಮುಖಕ್ಕಿಂತ ಬೆನ್ನಿನ ಪರಿಚಯವೇ ಹೆಚ್ಚು. ಎಡಭುಜ ಅರ್ಧ ಇಂಚು ಇಳಿದಿದೆ, ಕೋಟಿನ ಬೆನ್ನಿನ ಹೊಲಿಗೆ ಸೊಂಟದ ಹತ್ತಿರ ಎಳೆಯುತ್ತದೆ, ಹೋದ ವರ್ಷಕ್ಕಿಂತ ಈ ವರ್ಷ ಮನುಷ್ಯ ಎರಡು ಇಂಚು ಊದಿದ್ದಾರೆ. ಇಷ್ಟನ್ನೂ ಅವಳು ಪ್ರಾರ್ಥನೆಯ ಹೊತ್ತಿನಲ್ಲೇ ಅಳೆದಿಟ್ಟಿದ್ದಳು. ದೇವರು ಕ್ಷಮಿಸಲಿ, ಅಲ್ಲಿ ಅವಳಿಗೆ ಬೇರೆ ಕೆಲಸ ಕೊಟ್ಟಿದ್ದರೆ ತಾನೆ!

ಅವಳ ಅಂಗಡಿ ಮಂದಿರದಿಂದ ಎರಡು ಬೀದಿ ಆಚೆ. ಹೊಸ ಬಟ್ಟೆ ಹೊಲಿಯುವ ಅಂಗಡಿಯಲ್ಲ. ಉದ್ದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು, ಹರಿದದ್ದನ್ನು ಹರಿದೇ ಇರಲಿಲ್ಲ ಎನ್ನುವ ಹಾಗೆ ಸೇರಿಸುವುದು. ಬಾಗಿಲು ತೆರೆದರೆ ಮೆಷಿನ್ನಿನ ಮೇಲೆ ತೂಗುಹಾಕಿದ ಕೆಂಪು ದೀಪ ಹತ್ತಿಕೊಳ್ಳುತ್ತದೆ. ಗಿರಾಕಿ ಬಂದದ್ದು ಅವಳಿಗೆ ತಿಳಿಯುವುದು ಹಾಗೆ. ವಯಸ್ಸು ನಲವತ್ತಾರು. ಮದುವೆ ಬೇಡವೆಂದವಳು. ಅಂಗಡಿಯ ಹಿಂದಿನ ಮನೆಯಲ್ಲಿ ಅವಳು ಮತ್ತು ಗಂಡನನ್ನು ಕಳೆದುಕೊಂಡ ಅಕ್ಕ, ಇಬ್ಬರೇ. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳಿಸದು, ಮಾತೆಲ್ಲ ಕೈಯಲ್ಲಿ. ಎದುರಿನವರ ತುಟಿ ನೋಡಿ ಮುಕ್ಕಾಲು ಪಾಲು ತಿಳಿದುಕೊಳ್ಳುತ್ತಾಳೆ. ಉಳಿದ ಕಾಲು ಪಾಲನ್ನು ಅಕ್ಕ ಕೈಯಲ್ಲಿ ಹೇಳುತ್ತಾಳೆ, ಇವಳ ಕೈಮಾತನ್ನು ಬೇರೆಯವರಿಗೆ ಬಾಯಲ್ಲಿ ಹೇಳುತ್ತಾಳೆ. ಆದ್ದರಿಂದ ಈ ಕಥೆಯಲ್ಲಿ ಅವಳು ‘ಅಂದಳು’ ಎಂದರೆ ಕೈಯಲ್ಲಿ ಅಂದಳು ಎಂದೇ ತಿಳಿಯಿರಿ. ಬೈದಳು ಎಂದರೂ ಕೈಯಲ್ಲೇ. ಕೈಯಲ್ಲಿ ಬೈದರೇನು ಕಡಿಮೆ ಉರಿಯುವುದಿಲ್ಲ.

ಈಗ ಆ ಸಾಲಿನ ವಿಷಯ ಹೇಳಬೇಕು. ಶನಿವಾರ ಬೆಳಗಿನ ಪ್ರಾರ್ಥನೆಯಲ್ಲಿ ಅದು ಬರುತ್ತದೆ. ‘ಕೇಳು’ ಎಂದು ಶುರುವಾಗಿ, ನಮ್ಮ ದೇವರು ಒಬ್ಬನೇ ಎಂದು ಮುಗಿಯುವ ಪುಟ್ಟ ಸಾಲು. ಮಗುವಿಗೆ ಮೊಟ್ಟಮೊದಲು ಕಲಿಸುವುದು ಅದನ್ನೇ, ಸಾಯುವವರ ತುಟಿಯ ಮೇಲೆ ಕೊನೆಗೆ ಇರಬೇಕಾದದ್ದೂ ಅದೇ. ಅದನ್ನು ಹೇಳುವಾಗ ಎಲ್ಲರೂ ಬಲಗೈಯಿಂದ ಕಣ್ಣು ಮುಚ್ಚಿಕೊಳ್ಳುತ್ತಾರೆ, ಬೇರೇನೂ ಕಾಣದೆ ಮನಸ್ಸು ಅಲ್ಲೇ ನಿಲ್ಲಲಿ ಎಂದು.

ಐದು ವರ್ಷದವಳಿದ್ದಾಗ ಅವಳು ಇದನ್ನು ಕಣ್ಣಾಮುಚ್ಚಾಲೆ ಎಂದುಕೊಂಡಿದ್ದಳು. ಅದರಲ್ಲಿ ಮಗುವಿನ ತಪ್ಪೇನು? ಪಕ್ಕದಲ್ಲಿ ಕೂತ ಅಪ್ಪ ಅಷ್ಟು ಹೊತ್ತೂ ಅವಳ ಕೈ ಹಿಡಿದುಕೊಂಡಿರುತ್ತಿದ್ದರು. ಆ ಸಾಲು ಬಂದ ತಕ್ಷಣ ಕೈ ಬಿಟ್ಟು, ಅದೇ ಕೈಯಿಂದ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ತಿರುಗಿ ನೋಡಿದರೆ ಇಡೀ ಮಂದಿರವೇ ಕಣ್ಣು ಮುಚ್ಚಿಕೊಂಡು ನಿಂತಿದೆ! ಅವಳು ಓಡಿಹೋಗಿ ಬೆಂಚಿನ ಕೆಳಗೆ ಅಡಗಿದಳು. ಉಸಿರು ಬಿಗಿಹಿಡಿದು, ನಗು ತಡೆದುಕೊಂಡು ಕಾದಳು. ಯಾರೂ ಹುಡುಕಲು ಬರಲಿಲ್ಲ. ಎಲ್ಲ ಮುಗಿದ ಮೇಲೆ ಅಕ್ಕ ಬಂದು ಕಾಲು ಹಿಡಿದೆಳೆದು, ಫ್ರಾಕು ಕೊಳೆ ಮಾಡಿಕೊಂಡೆ ಎಂದು ಗದರಿದಳು. ಅಂದಿನಿಂದ ಅಡಗುವುದನ್ನು ಬಿಟ್ಟಳು, ಆದರೆ ಕಣ್ಣು ಮುಚ್ಚುವುದನ್ನು ಕಲಿಯಲಿಲ್ಲ. ಕಿವಿಯಿದ್ದವರು ಕಣ್ಣು ಮುಚ್ಚಿದರೂ ಪಕ್ಕದವರು ಅಲ್ಲೇ ಇರುತ್ತಾರೆ. ಅವಳು ಮುಚ್ಚಿದರೆ ಯಾರೂ ಇರುವುದಿಲ್ಲ. ನಲವತ್ತು ವರ್ಷ, ಪ್ರತಿ ಶನಿವಾರ, ಅಷ್ಟು ಜನರ ನಡುವೆ ಅವಳೊಬ್ಬಳೇ ಕಣ್ಣು ಬಿಟ್ಟುಕೊಂಡು ನಿಂತಿರುತ್ತಿದ್ದಳು.

ಒಂದು ದಿನ ಕೆಂಪು ದೀಪ ಹತ್ತಿತು. ನೋಡಿದರೆ ರಬ್ಬಿ. ಕೈಯಲ್ಲಿ ಸೊಂಟ ಸಡಿಲಿಸಬೇಕಾದ ಎರಡು ಪ್ಯಾಂಟು, ಮುಖದ ಮೇಲೆ ಏನೋ ಶುಭಸಮಾಚಾರ.

“ಬರೋ ತಿಂಗಳು ‘ಎಲ್ಲರೂ ನಮ್ಮವರೇ’ ಶನಿವಾರ ಇದೆಯಲ್ಲಮ್ಮಾ,” ಎಂದರು.

ವರ್ಷಕ್ಕೊಮ್ಮೆ ಬರುವ ಆ ಶನಿವಾರ ಅವಳಿಗೆ ಗೊತ್ತಿಲ್ಲದ್ದೇನಲ್ಲ. ನಡೆಯಲಾಗದವರು, ಕಣ್ಣು ಕಾಣದವರು, ಕಿವಿ ಕೇಳದವರು ಎಲ್ಲರೂ ನಮ್ಮವರೇ ಎಂದು ಅಂದು ಭಾಷಣ ನಡೆಯುತ್ತದೆ. ಉಳಿದ ಐವತ್ತೊಂದು ಶನಿವಾರ ಅವರೆಲ್ಲ ಯಾರವರೋ, ಅದನ್ನು ಹೇಳುವುದಿಲ್ಲ. ಹೋದ ವರ್ಷ ದಪ್ಪಕ್ಷರದ ಪ್ರಾರ್ಥನಾ ಪುಸ್ತಕ ತರಿಸಿ, ಯಾರಾದರೂ ಕೊಳೆ ಮಾಡಿಯಾರೆಂದು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಬೀಗ ಇನ್ನೂ ಹಾಗೇ ಇದೆ.

“ಈ ಸಲ ಆ ಸಾಲು ನೀವು ಹೇಳ್ಬೇಕು. ಕೈಯಲ್ಲಿ. ಎಲ್ಲರ ಮುಂದೆ ನಿಂತು. ನಾನು ಜೊತೆಯಲ್ಲೇ ಬಾಯಲ್ಲಿ ಹೇಳ್ತೀನಿ.”

ಅವಳ ತುಟಿಗಳ ನಡುವೆ ನಾಲ್ಕು ಗುಂಡುಸೂಜಿ ಇದ್ದವು. ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು.

“ಅವಾಗ ಎಲ್ಲರೂ ಕಣ್ಣು ಮುಚ್ಕೊಂಡಿರ್ತಾರಲ್ಲ?” ಎಂದು ಕೇಳಿದಳು. ಅಕ್ಕ ಅದನ್ನು ಬಾಯಲ್ಲಿ ಹೇಳಿದಳು.

“ಅವತ್ತು ಯಾರೂ ಮುಚ್ಚಲ್ಲ. ಮೊದಲೇ ಎಲ್ಲರಿಗೂ ಹೇಳ್ತೀನಿ. ಅದು ನನ್ನ ಜವಾಬ್ದಾರಿ ಬಿಡಿ.”

ಒಂದು ತಿಂಗಳು ಅವಳು ಟ್ರಯಲ್ ರೂಮಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದಳು. ಮೊದಲನೇ ಪದಕ್ಕೆ ಬಲಗೈಯನ್ನು ಕಣ್ಣಿನ ಪಕ್ಕದಿಂದ ಮುಂದಕ್ಕೆ ಚಾಚಬೇಕು, ‘ಇತ್ತ ಗಮನ ಕೊಡು’ ಎಂದು. ಆಮೇಲೆ ಎದೆಯ ಮುಂದೆ ಅಂಗೈಯನ್ನು ಸುತ್ತು ತಿರುಗಿಸಿದರೆ ‘ನಮ್ಮ’. ಕೈಯನ್ನು ಹಣೆಯ ಮೇಲಕ್ಕೆ ಎತ್ತಿದರೆ ‘ದೇವರು’. ಕೊನೆಗೆ ಒಂದೇ ಒಂದು ಬೆರಳು ನೆಟ್ಟಗೆ, ‘ಒಬ್ಬನೇ’. ಕೈಗಳು ಎದ್ದು ಕಾಣಲೆಂದು ಗುಂಡಿಯಿಲ್ಲದ, ಹೂವಿಲ್ಲದ ಕಡುನೀಲಿ ಅಂಗಿಯೊಂದನ್ನು ತಾನೇ ಹೊಲಿದುಕೊಂಡಳು. ಅಕ್ಕ ಛೇಡಿಸಿದಳು, “ಮದುವೆಗೂ ಇಷ್ಟು ತಯಾರಿ ಮಾಡ್ಕೋತಿರ್ಲಿಲ್ಲ ಕಣೇ ನೀನು.”

“ಮದುವೆಯಲ್ಲಿ ನೋಡೋದು ಒಬ್ಬನೇ. ಇಲ್ಲಿ ಅರವತ್ತು ಜನ ನೋಡ್ತಾರೆ,” ಎಂದಳು ಅವಳು.

ಆ ಶನಿವಾರ ಬಂತು. ಕಪಾಟಿನ ಮುಂದಿನ ಎರಡು ಮೆಟ್ಟಿಲು ಹತ್ತಿ, ಜೀವನದಲ್ಲಿ ಮೊದಲ ಸಲ ಅವಳು ಆ ಜನರ ಕಡೆ ಮುಖ ಮಾಡಿ ನಿಂತಳು. ಅಬ್ಬಾ, ಎಷ್ಟೊಂದು ಮುಖ! ಪಕ್ಕದಲ್ಲಿ ರಬ್ಬಿಯೂ ಈ ಕಡೆಗೇ ತಿರುಗಿ, “ಇವತ್ತು ಯಾರೂ ಕಣ್ಣು ಮುಚ್ಚಬೇಡಿ, ಈಕೆಯ ಕೈ ನೋಡಿ,” ಎಂದರು. ಎಲ್ಲರೂ ತಲೆಯಾಡಿಸಿದರು. ಮೂರನೇ ಬೆಂಚಿನ ತುದಿಯಲ್ಲಿ ಕೂತಿದ್ದ ಗಡಿಯಾರದ ತಾತ ಮಾತ್ರ ಆಡಿಸಲಿಲ್ಲ. ಅರವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಮುದುಕ. ಮಂದಿರದಲ್ಲಿ ಪದ್ಧತಿ ಎಂದರೆ ಅವರೇ. ಯಾವ ಪ್ರಾರ್ಥನೆಗೆ ಏಳಬೇಕು, ಯಾವುದಕ್ಕೆ ಕೂರಬೇಕು ಎಂದು ಅನುಮಾನ ಬಂದರೆ ಜನ ಪುಸ್ತಕ ನೋಡುವುದಿಲ್ಲ, ತಾತನ ಮೊಣಕಾಲು ನೋಡುತ್ತಾರೆ.

ರಬ್ಬಿಯ ಬಾಯಿ ತೆರೆಯಿತು. ಅವಳ ಬಲಗೈ ಕಣ್ಣಿನ ಪಕ್ಕಕ್ಕೆ ಏರಿತು. ಅದೇ ಕ್ಷಣಕ್ಕೆ ಅರವತ್ತು ಬಲಗೈಗಳು ಎದ್ದು ಅರವತ್ತು ಜನರ ಕಣ್ಣು ಮುಚ್ಚಿಬಿಟ್ಟವು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ. ಯಾರೂ ಬೇಕೆಂದು ಮಾಡಿದ್ದಲ್ಲ. ಬಾಯಲ್ಲಿ ಆ ಪದ ಬಂತು, ಕೈ ತಾನಾಗಿ ಎದ್ದಿತು. ‘ನನ್ನ ಜವಾಬ್ದಾರಿ’ ಎಂದಿದ್ದ ರಬ್ಬಿಯದ್ದೂ ಎದ್ದಿತು. ಮೊದಲನೇ ಬೆಂಚಿನಲ್ಲಿ, ನಲವತ್ತಾರು ವರ್ಷ ಅವಳಿಗೆ ಕಿವಿಯಾಗಿದ್ದ ಅಕ್ಕನದ್ದೂ ಎದ್ದಿತು. ಅವಳು ಅಕ್ಕನ ಕೈಯನ್ನೇ ನೋಡಿದಳು. ಮೇಲೇರಿದ ತನ್ನ ಕೈಯನ್ನು ಹಾಗೇ ನಿಲ್ಲಿಸಿದಳು. ಮುಂದಕ್ಕೆ ಚಾಚಲಿಲ್ಲ. ಒಂದು ಪದವನ್ನೂ ಹೇಳಲಿಲ್ಲ. ಎಲ್ಲರ ತುಟಿ ಅಲುಗಿ ನಿಂತವು, ಕೈಗಳು ಕೆಳಗಿಳಿದವು. ಆಗ ಅವಳೂ ಇಳಿಸಿದಳು.

ಆಮೇಲೆ ನಡೆದದ್ದನ್ನು ಕೇಳಿ. ಪ್ರಾರ್ಥನೆ ಮುಗಿಯುತ್ತಲೇ ಜನ ಮುತ್ತಿಕೊಂಡರು. “ತುಂಬಾ ಚೆನ್ನಾಗಿತ್ತಮ್ಮಾ!” “ಏನು ಕೈ, ಏನು ಭಾವ!” “ಮೈ ಜುಮ್ಮೆಂದಿತು ನೋಡಿ!” ತಾವು ಕಣ್ಣು ಮುಚ್ಚಿಕೊಂಡದ್ದು ಪ್ರತಿಯೊಬ್ಬರಿಗೂ ಗೊತ್ತಿತ್ತು. ಆದರೆ ಮುಚ್ಚಿಕೊಂಡದ್ದು ತಾನೊಬ್ಬನೇ, ಉಳಿದವರೆಲ್ಲ ನೋಡಿರುತ್ತಾರೆ ಎಂದುಕೊಂಡು, ಸಿಕ್ಕಿಬೀಳದ ಹಾಗೆ ಹೊಗಳಿದ್ದೇ ಹೊಗಳಿದ್ದು. ರಬ್ಬಿ ಅವಳ ಎರಡೂ ಕೈ ಹಿಡಿದುಕೊಂಡು, “ಮರೆಯೋಕಾಗಲ್ಲ,” ಎಂದರು.

ದಾರಿಯಲ್ಲಿ ಅಕ್ಕ ಕಣ್ಣೊರೆಸಿಕೊಂಡಳು. “ಅಪ್ಪ ಇರ್ಬೇಕಿತ್ತು ಕಣೇ. ನೀನು ಹೇಳ್ತಿದ್ರೆ ನನಗೆ ಕಣ್ಣಲ್ಲಿ ನೀರೇ ಬಂತು.”

ಅವಳು ರಸ್ತೆಯ ನಡುವೆ ನಿಂತಳು.

“ನಾನು ಏನೂ ಹೇಳಲೇ ಇಲ್ಲ ಅಕ್ಕ.”

“ಹಾಂ?”

“ನೀವೆಲ್ಲ ಕಣ್ಣು ಮುಚ್ಕೊಂಡ್ರಿ. ನಾನು ಸುಮ್ಮನೆ ನಿಂತಿದ್ದೆ. ಎತ್ತಿದ ಕೈ ಅಲುಗಿಸಲಿಲ್ಲ. ನೀನು ಯಾವುದಕ್ಕೆ ಅತ್ತೆಯೋ ನನಗೆ ಗೊತ್ತಿಲ್ಲ.”

ಅಕ್ಕನ ಮುಖದ ಬಣ್ಣ ಹೋಯಿತು. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಅಕ್ಕ ಗೋಡೆಗೆ ಆತುಕೊಂಡು, “ಬಿಟ್ಟುಬಿಡೋಣ ಕಣೇ. ಅಲ್ಲಿಗೆ ಹೋಗೋದೇ ಬೇಡ. ನಿನ್ನ ಹಾಗಿರೋರು ಸೇರೋ ಜಾಗ ಊರಾಚೆ ಇದೆಯಲ್ಲ, ಅಲ್ಲಿಗೇ ಹೋಗು,” ಎಂದಳು. ನಾಚಿಕೆಗೆ ಹೇಳಿದ ಮಾತು ಅದು.

“ಯಾಕೆ ಹೋಗ್ಲಿ? ಅಪ್ಪ ಕೂತ ಬೆಂಚು ಅದು. ನನ್ನನ್ನ ಬೊಂಬೆ ತರ ನಿಲ್ಲಿಸಿ ಹೊಗಳಿದ್ರೆ ನಾನು ಓಡಿಹೋಗ್ಬೇಕಾ? ಆ ಸಾಲು ನನಗೂ ಸೇರಿದ್ದು. ಅದನ್ನ ಅವರು ನೋಡೋ ತನಕ ನಾನು ಅಲ್ಲಿಂದ ಅಲ್ಲಾಡಲ್ಲ.”

ಮಾರನೇ ದಿನ ಅಕ್ಕನನ್ನು ಕರೆದುಕೊಂಡು ಮಂದಿರದ ಆಫೀಸಿಗೆ ಹೋದಳು. ರಬ್ಬಿಯ ಜೊತೆ ಗಡಿಯಾರದ ತಾತನೂ ಇದ್ದರು, ಗೋಡೆ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. ವಿಷಯ ಕೇಳಿ ರಬ್ಬಿ ಇಂಗು ತಿಂದ ಮಂಗನ ಹಾಗಾದರು. ಪಾಪ, ಕೆಟ್ಟ ಮನುಷ್ಯನಲ್ಲ. ಕುರ್ಚಿಯಲ್ಲಿ ಕುಸಿದು ಕೂತು, “ತಪ್ಪಾಯ್ತಮ್ಮಾ. ನಾನೂ ಮುಚ್ಕೊಂಡೆ. ಸುಳ್ಳೂ ಹೇಳಿದೆ,” ಎಂದರು. “ಮುಂದಿನ ವರ್ಷ ಖಂಡಿತ—”

“ಮುಂದಿನ ವರ್ಷ ಅಲ್ಲ. ಮುಂದಿನ ವಾರ.”

ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವವರು ರಬ್ಬಿ. ಯೋಚಿಸಿ ಒಂದು ದಾರಿ ಹುಡುಕಿದರು. “ಹೀಗೆ ಮಾಡೋಣ. ಮೊದಲು ಎಲ್ಲರೂ ಕಣ್ಣು ಮುಚ್ಚಿ ಬಾಯಲ್ಲಿ ಹೇಳಲಿ. ಅದು ಮುಗಿದ ಮೇಲೆ ಕಣ್ಣು ಬಿಟ್ಟು ನಿಮ್ಮ ಕೈಯಲ್ಲಿ ಇನ್ನೊಂದು ಸಲ ನೋಡಲಿ.”

ತಾತ ಕೀಲಿ ತಿರುಗಿಸುವುದನ್ನು ನಿಲ್ಲಿಸಿದರು. “ಆಗೋದಿಲ್ಲ. ಆ ಸಾಲನ್ನ ಎರಡು ಸಲ ಹೇಳೋ ಹಾಗಿಲ್ಲ. ಒಬ್ಬನೇ ಅನ್ನೋ ಮಾತನ್ನ ಎರಡು ಸಲ ಹೇಳಿದ್ರೆ ಇಬ್ಬರಿಗೆ ಹೇಳಿದ ಹಾಗಾಗುತ್ತೆ. ಹಿರಿಯರು ಹಾಕಿದ ಕಟ್ಟು ಅದು.”

ಅಕ್ಕ ಇದನ್ನು ಹೆದರುತ್ತಲೇ ಕೈಯಲ್ಲಿ ಹೇಳಿದಳು. ಅವಳು ರೇಗುತ್ತಾಳೆ ಎಂದುಕೊಂಡಿದ್ದರು ಎಲ್ಲರೂ. ರೇಗಲಿಲ್ಲ.

“ತಾತ ಹೇಳೋದು ಸರಿ. ನನಗೂ ಎರಡನೇ ಸಲದ್ದು ಬೇಡ. ನಿಮ್ಮದೆಲ್ಲ ಆದಮೇಲೆ ಮಿಕ್ಕಿದ್ದು ಬಡಿಸಿಕೊಳ್ಳೋಕೆ ನಾನು ಬಂದಿಲ್ಲ. ಒಂದೇ ಸಲ, ಎಲ್ಲರ ಜೊತೆ.”

“ಹಾಗಾದ್ರೆ ಕಣ್ಣು ಮುಚ್ಚೋದನ್ನೇ ಬಿಡ್ಬೇಕು ಅಂತೀಯ. ನಾನಂತೂ ಬಿಡಲ್ಲ,” ಎಂದರು ತಾತ. ತಾತ ಬಿಡದಿದ್ದರೆ ಅರ್ಧ ಮಂದಿರ ಬಿಡುವುದಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ರಬ್ಬಿ ಕೊನೆಗೆ, “ನಾನು ಮೂರು ವಾರ ಕೊಡ್ತೀನಿ. ಜನರ ಕೈ ಕಣ್ಣಿಗೆ ಹೋಗದ ಹಾಗೆ ಮಾಡೋ ಉಪಾಯ ನಿಮ್ಮಲ್ಲಿದ್ರೆ ಮಾಡಿ. ನಾನು ಹೇಳಿ ಹೇಳಿ ಏನಾಯ್ತು ನೋಡಿದಿರಲ್ಲ,” ಎಂದು ಕೈಚೆಲ್ಲಿದರು.

ಉಪಾಯ ಹೊಳೆದದ್ದು ಮಂಗಳವಾರ, ಇಸ್ತ್ರಿ ಪೆಟ್ಟಿಗೆಯ ಮುಂದೆ. ಯಾರದೋ ಹಳೆಯ ಲಂಗ. ಇಪ್ಪತ್ತು ವರ್ಷ ಒಂದೇ ಕಡೆ ಮಡಚಿಟ್ಟು ಗೆರೆ ಕೂತುಬಿಟ್ಟಿತ್ತು. ನೀರು ಚಿಮುಕಿಸಿ ಉಜ್ಜಿದ್ದೇ ಬಂತು, ಗೆರೆ ಜಪ್ಪಯ್ಯ ಎನ್ನಲಿಲ್ಲ. ಇಂಥ ಗೆರೆಗೆ ಟೈಲರುಗಳು ಏನು ಮಾಡುತ್ತಾರೆ? ಅದರೊಂದಿಗೆ ಜಗಳಕ್ಕೆ ಹೋಗುವುದಿಲ್ಲ. ಅದೇ ಗೆರೆಯ ಮೇಲೆ ಮಡಚಿ ಒಂದು ನೆರಿಗೆ ಹೊಲಿದುಬಿಡುತ್ತಾರೆ. ಅವಳು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಅಕ್ಕನ ತೋಳು ಜಗ್ಗಿದಳು.

“ಕೈ ಕಣ್ಣಿನ ತನಕ ಬರೋದನ್ನ ಯಾರಿಂದಲೂ ತಪ್ಪಿಸೋಕಾಗಲ್ಲ. ಬರಲಿ ಬಿಡು! ನನ್ನ ಮೊದಲನೇ ಪದ ಶುರುವಾಗೋದೂ ಅಲ್ಲಿಂದಲೇ ಅಲ್ವಾ? ಕಣ್ಣಿನ ತನಕ ಬಂದ ಕೈಯನ್ನ ಅಲ್ಲಿಂದ ಮುಂದಕ್ಕೆ ಚಾಚಿಸಿದ್ರೆ ಆಯ್ತು. ಅವರು ನನ್ನನ್ನ ನೋಡೋದು ಮಾತ್ರ ಅಲ್ಲ, ನನ್ನ ಜೊತೆ ಹೇಳ್ಬೇಕು.”

ಅಂದಿನಿಂದ ಅಂಗಡಿಯ ಕಾನೂನು ಬದಲಾಯಿತು. ಮಂದಿರದ ಜನ ಯಾರೇ ಬಂದರೂ ಬಟ್ಟೆ ಸುಮ್ಮನೆ ಸಿಗದು. ಅವಳು ಪೊಟ್ಟಣವನ್ನು ಕಂಕುಳಲ್ಲಿ ಇಟ್ಟುಕೊಂಡು, ಕನ್ನಡಿಯ ಮುಂದೆ ನಿಲ್ಲಿಸಿ, ಸಾಲನ್ನು ಐದು ಸಲ ತಪ್ಪಿಲ್ಲದೆ ಅಭ್ಯಾಸ ಮಾಡಿಸಿಯೇ ಕಳಿಸುತ್ತಿದ್ದಳು. ಅಭ್ಯಾಸಕ್ಕೆ ಹಿರಿಯರ ಕಟ್ಟು ಅಡ್ಡಬರುವುದಿಲ್ಲ ಎಂದು ರಬ್ಬಿಯನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದಳು. ಬ್ಯಾಂಕಿನ ಗುಮಾಸ್ತರು ಗೊಣಗಿದರು. ದಾದಿಯಮ್ಮ ಎರಡೇ ಸಲಕ್ಕೆ ಕಲಿತು, ಇನ್ನೂ ಬೇರೆ ಮಾತು ಹೇಳಿಕೊಡಿ ಎಂದು ಕೂತಳು. ಎಡಗೈ ಎತ್ತಿದವರ ಕೈಗೆ ಅವಳು ಸ್ಕೇಲಿನಿಂದ ಮೆಲ್ಲಗೆ ತಟ್ಟುತ್ತಿದ್ದಳು. ಎಲ್ಲರಿಗಿಂತ ಕಷ್ಟ ಕೊಟ್ಟವರು ರಬ್ಬಿಯೇ. ಬೆರಳೆತ್ತುವ ಜಾಗದಲ್ಲಿ ಭಾಷಣಕ್ಕೆ ಎತ್ತುವ ಹಾಗೆ ಎರಡು ಸಲ ಆಡಿಸುತ್ತಿದ್ದರು. “ಒಬ್ಬನೇ ಅನ್ನಿ ಅಂದ್ರೆ ಇಬ್ಬರನ್ನ ಕರೀತಾರಲ್ಲ!” ಎಂದು ಅವಳು ಕೈಯಲ್ಲಿ ಬೈದದ್ದನ್ನು ಅಕ್ಕ ಬಾಯಲ್ಲಿ ಹೇಳಲಿಲ್ಲ. ರಬ್ಬಿ ಅರ್ಥ ಮಾಡಿಕೊಂಡು ನಕ್ಕರು. ಅವರ ಪ್ಯಾಂಟು ಒಂಬತ್ತು ದಿನ ಅವಳ ಕಂಕುಳಲ್ಲೇ ಇತ್ತು.

ಮೂರನೇ ವಾರದ ಗುರುವಾರ ಕೆಂಪು ದೀಪ ಹತ್ತಿತು. ಗಡಿಯಾರದ ತಾತ. ಅವರ ಕಪ್ಪು ಕೋಟಿನ ಒಳ ಅಸ್ತರು ಹರಿದು ತಿಂಗಳಿನಿಂದ ಅವಳ ಹತ್ತಿರವೇ ಇತ್ತು. ಅಕ್ಕ ದಾರ ತರಲು ಹೋಗಿದ್ದಳು. ತಾತನ ತುಟಿ ಓದುವುದು ಅವಳಿಗೆ ಸುಲಭ. ಆತುರವೆನ್ನುವುದನ್ನೇ ಅರಿಯದ ಬಾಯಿ ಅದು.

“ನಿನ್ನ ಅಂಗಡಿ ಕಾನೂನು ಕೇಳಿದೀನಿ. ನನ್ನ ಕೋಟೂ ಒತ್ತೆ ಇಟ್ಕೊಳ್ತೀಯಾ?”

ಅವಳು ಕೋಟನ್ನು ಮಡಚಿ, ಕಾಗದ ಸುತ್ತಿ, ಎರಡು ಕೈಯಿಂದ ಅವರ ಮುಂದಿಟ್ಟಳು. ಕನ್ನಡಿಯ ಕಡೆ ತೋರಿಸಲಿಲ್ಲ. ಎಂಬತ್ತೆರಡು ವರ್ಷದ ಮುದುಕರನ್ನು ಚಳಿಯಲ್ಲಿ ನಿಲ್ಲಿಸಿ ಗೆಲ್ಲುವ ಗೆಲುವು ಅವಳಿಗೆ ಬೇಕಿರಲಿಲ್ಲ. ತಾತ ಪೊಟ್ಟಣ ಮುಟ್ಟದೆ ಸ್ಟೂಲಿನ ಮೇಲೆ ಕೂತರು.

“ನಾನು ನಿನಗೆ ಅಡ್ಡಗಾಲು ಹಾಕೋನಲ್ಲಮ್ಮಾ. ನಿನ್ನ ಅಪ್ಪ ನನ್ನ ಸ್ನೇಹಿತ. ಆದ್ರೆ ಕೇಳು. ಆ ಸಾಲು ಕಲಿಸಿದ್ದು ನಮ್ಮಮ್ಮ. ನನ್ನ ಕೈ ಅಲ್ಲ, ಅವಳ ಕೈನೇ ನನ್ನ ಕಣ್ಣ ಮೇಲಿಟ್ಟು ಹೇಳಿಸೋಳು. ಕೈಯೆಲ್ಲ ಈರುಳ್ಳಿ ವಾಸನೆ. ನನಗೆ ಏಳು ತುಂಬೋದ್ರೊಳಗೆ ಹೋಗ್ಬಿಟ್ಳು. ಈಗ್ಲೂ ಆ ಹೊತ್ತಿಗೆ ಕಣ್ಣು ಮುಚ್ಚಿದ್ರೆ ಆ ವಾಸನೆ ಬರುತ್ತೆ. ವಾರಕ್ಕೊಂದು ಸಲ ಅಮ್ಮ ಬಂದು ಹೋಗ್ತಾಳೆ. ಅದನ್ನ ಬಿಡು ಅಂತೀಯಾ?”

ಇಷ್ಟು ದಿನ ಮೊಂಡುತನ ಎಂದುಕೊಂಡಿದ್ದಳು, ಇದು ಮೊಂಡುತನವಲ್ಲ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಪ್ಪು ಬಟ್ಟೆ ಹರಡಿತ್ತು. ಅವಳು ಸೀಮೆಸುಣ್ಣ ತೆಗೆದುಕೊಂಡು ಅದರ ಮೇಲೆಯೇ ಬರೆದಳು: ‘ನಿಮ್ಮಮ್ಮ ನಿಮ್ಮನ್ನ ಹುಡುಕಿಕೊಂಡು ಬರ್ತಾರೆ. ನನ್ನನ್ನ ಯಾರೂ ಹುಡುಕಲಿಲ್ಲ.’ ಅದರ ಕೆಳಗೆ ಬೆಂಚಿನ ಕತೆ ಬರೆದಳು, ಐದು ವರ್ಷ, ಕಣ್ಣಾಮುಚ್ಚಾಲೆ, ಅಪ್ಪ ಬಿಟ್ಟ ಕೈ. ತಾತ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಸಣ್ಣ ಗಡಿಯಾರದ ಒಳಗನ್ನು ನೋಡುವಷ್ಟು ಹತ್ತಿರ ಬಗ್ಗಿ ಓದಿದರು. ಬಹಳ ಹೊತ್ತು ಓದಿದರು.

“ನನಗೆ ಗೊತ್ತಿರ್ಲಿಲ್ಲ,” ಎಂದರು. “ಆದ್ರೆ ನಾನೇನು ಮಾಡ್ಲಿ ಹೇಳು? ಹೀಗೆ ಮುಚ್ಚಿದ್ರೆ ತಾನೆ ಅವಳು—” ಎನ್ನುತ್ತಾ ಬಲಗೈಯಿಂದ ಕಣ್ಣು ಮುಚ್ಚಿ ತೋರಿಸಿದರು.

ಅವಳಿಗೆ ರೇಗಿಹೋಯಿತು. ಮಾತಿನ ನಡುವೆ ಕಣ್ಣು ಮುಚ್ಚುವುದೆಂದರೆ ಅವಳ ಪಾಲಿಗೆ ಮುಖಕ್ಕೆ ಬಾಗಿಲು ಹಾಕಿದಂತೆ. ಈಗ ಬರೆದರೆ ಓದುವವರು ಯಾರು, ಕೈಯಾಡಿಸಿದರೆ ನೋಡುವವರು ಯಾರು? ಮೊಣಕಾಲಿನ ಮೇಲೆ ಸುಮ್ಮನೆ ಬಿದ್ದಿದ್ದ ಅವರ ಎಡಗೈಯನ್ನು ಸರಕ್ಕನೆ ಎಳೆದುಕೊಂಡಳು. ಅಂಗೈ ಬಿಡಿಸಿ, ನಟ್ಟನಡುವೆ ತನ್ನ ಒಂದು ಬೆರಳನ್ನು ಒತ್ತಿ ನಿಲ್ಲಿಸಿದಳು. ಒಬ್ಬನೇ.

ತಾತ ಬೆಚ್ಚಿದರು. ಕೈ ಎಳೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ತೆರೆದು ಅಂಗೈ ನೋಡಿಕೊಂಡರು. ಅಲ್ಲಿ ಸೀಮೆಸುಣ್ಣದ ಬಿಳಿ ಚುಕ್ಕೆಯೊಂದು ಕೂತಿತ್ತು. ಆ ಕೈಯನ್ನು ಹಾಗೇ ಮುಷ್ಟಿ ಮಾಡಿ, ಇನ್ನೊಂದು ಕೈಯಲ್ಲಿ ಕೋಟೆತ್ತಿಕೊಂಡು ಹೊರಟುಹೋದರು. ಅವಳು ಬಟ್ಟೆಯ ಮೇಲೆ ಬರೆದದ್ದನ್ನು ಬ್ರಷ್ಷಿನಿಂದ ಉಜ್ಜಿ ಅಳಿಸಿದಳು. ಮುದುಕರ ಕೈ ಎಳೆದು ಅವಮಾನ ಮಾಡಿದೆನೇನೋ ಎಂದು ಅವತ್ತಿಡೀ ಅವಳಿಗೆ ಊಟ ಸೇರಲಿಲ್ಲ.

ಶನಿವಾರ ಮತ್ತೆ ಅದೇ ಕಡುನೀಲಿ ಅಂಗಿ, ಅದೇ ಎರಡು ಮೆಟ್ಟಿಲು. ಈ ಸಲ ರಬ್ಬಿ ಯಾರಿಗೂ ಏನೂ ಹೇಳಲಿಲ್ಲ. ವಿಶೇಷ ಶನಿವಾರವೂ ಅಲ್ಲ, ಭಾಷಣವೂ ಇಲ್ಲ. ಈ ಸಲವೂ ಕೈಗಳು ಕಣ್ಣಿನ ಮೇಲೇ ನಿಂತುಬಿಟ್ಟರೆ? ಬರುವ ಶನಿವಾರ ಮತ್ತೆ ಬರುತ್ತೇನೆ, ಅದರ ಮುಂದಿನ ಶನಿವಾರವೂ ಬರುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಅವಳು ಕಾಲು ಗಟ್ಟಿಯಾಗಿ ಊರಿದಳು.

ರಬ್ಬಿಯ ಬಾಯಿ ತೆರೆಯಿತು. ಅವಳ ಕೈ ಏರಿತು. ಮಂದಿರದ ಕೈಗಳೆಲ್ಲ ಏರಿದವು, ಕಣ್ಣಿನ ಹತ್ತಿರ ಬಂದವು, ಅಲ್ಲಿ ಒಂದು ಗಳಿಗೆ ತಡೆದವು. ಅಷ್ಟರಲ್ಲಿ ದಾದಿಯಮ್ಮನ ಕೈ ಮುಂದಕ್ಕೆ ಬಂತು. ಅಕ್ಕನದ್ದು ಬಂತು. ಒಂದರ ಹಿಂದೊಂದು ಎಲ್ಲವೂ ಬಂದವು. ಅಂದವಾಗಿ ಬಂದವೆಂದು ಹೇಳಿದರೆ ಸುಳ್ಳಾದೀತು. ಒಬ್ಬರ ಮೊಣಕೈ ಇನ್ನೊಬ್ಬರ ಕನ್ನಡಕಕ್ಕೆ ತಗುಲಿತು, ಗುಮಾಸ್ತರು ಎಡಗೈ ಎತ್ತಿ ನಾಲಿಗೆ ಕಚ್ಚಿಕೊಂಡು ಬದಲಿಸಿದರು. ಆದರೆ ಪ್ರತಿ ಕೈಯ ಹಿಂದೆ ಒಂದು ಜೊತೆ ಕಣ್ಣಿತ್ತು, ಎಲ್ಲ ಕಣ್ಣೂ ಅವಳ ಮೇಲಿತ್ತು. ನಮ್ಮ, ಎಂದಳು ಅವಳು. ನಮ್ಮ, ಎಂದವು ಕೈಗಳು.

ಮೂರನೇ ಬೆಂಚಿನ ತುದಿಯಲ್ಲಿ ಗಡಿಯಾರದ ತಾತನ ಬಲಗೈ ಮಾತ್ರ ಕಣ್ಣಿನ ಮೇಲೇ ಇತ್ತು. ಗಟ್ಟಿಯಾಗಿ ಮುಚ್ಚಿಕೊಂಡಿದ್ದರು. ಅವಳ ಮನಸ್ಸು ಅಷ್ಟಕ್ಕೆ ಕುಗ್ಗಿತು. ಆಮೇಲೆ ಅವರ ಎಡಗೈ ಕಂಡಿತು. ಮುಂದಿನ ಬೆಂಚಿನ ಬೆನ್ನಿನ ಮೇಲಿಂದ ಆಚೆಗೆ ಚಾಚಿತ್ತು, ಅಂಗೈ ಮೇಲಾಗಿ. ಖಾಲಿ ಅಂಗೈ ಕಾಯುತ್ತಿತ್ತು.

ದೇವರು, ಎಂದು ಹಣೆಯ ಮೇಲೆತ್ತಿದ ಕೈಯನ್ನು ಇಳಿಸದೆಯೇ ಅವಳು ಎರಡು ಮೆಟ್ಟಿಲಿಳಿದಳು. ಜನರ ಕಣ್ಣು ಅವಳ ಹಿಂದೆಯೇ ಬಂದವು, ಕೈಗಳು ಹಣೆಯ ಮೇಲೇ ನಿಂತವು. ಮೂರನೇ ಬೆಂಚಿನ ಪಕ್ಕದಲ್ಲಿ ನಿಂತು, ಕೊನೆಯ ಪದವನ್ನು ಆ ಅಂಗೈಯಲ್ಲಿ ಒತ್ತಿ ಹೇಳಿದಳು. ಸುತ್ತಲೂ ಬೆರಳುಗಳೆದ್ದವು.

ತಾತನ ಬೆರಳುಗಳು ಅವಳ ಬೆರಳಿನ ಸುತ್ತ ಮಡಚಿಕೊಂಡವು, ಬಿಡಲಿಲ್ಲ. ಅವರ ತುಟಿ ಅಲುಗಿತು. ಆ ಕೈ ಒಣಗಿತ್ತು, ಬೆಚ್ಚಗಿತ್ತು, ಅಪ್ಪನ ಕೈಯಷ್ಟೇ ದೊಡ್ಡದಿತ್ತು. ಅವಳು ಕಣ್ಣು ಮುಚ್ಚಿದಳು. ಆ ಮಂದಿರದಲ್ಲಿ, ನಲವತ್ತಾರು ವರ್ಷದಲ್ಲಿ, ಮೊದಲ ಸಲ. ಕತ್ತಲೆಯಾಯಿತು, ಆದರೂ ಪಕ್ಕದಲ್ಲಿ ಒಬ್ಬರು ಇದ್ದರು.

ಎಷ್ಟು ಹೊತ್ತು ಹಾಗೆ ನಿಂತಿದ್ದಳೋ ಅವಳಿಗೇ ಗೊತ್ತಿಲ್ಲ. ಕಣ್ಣು ತೆರೆದಾಗ ಮಂದಿರದ ತುಂಬ ಬೆರಳುಗಳು ಇನ್ನೂ ಮೇಲೇ ಇದ್ದವು. ಅವಳು ಇಳಿಸದೆ ಯಾರೂ ಇಳಿಸಿರಲಿಲ್ಲ.